ದಾಸವಾಳದ ಎಸಳು ತಿನ್ನುವ ಬೊಬ್ಬೆ ದುಂಬಿ

ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳ ಮನೆಯಂಗಳಗಳಲ್ಲಿ ಮಳೆಗಾಲ ನೆಲೆಗೊಂಡ ಮೇಲೆ, ಅದರಲ್ಲೂ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ, ಬೆಳಿಗ್ಗೆ ಅರಳಿದ ದಾಸವಾಳದ ಹೂವು ಮಧ್ಯಾಹ್ನದ ಹೊತ್ತಿಗೆ ಅರ್ಧ ಎಸಳನ್ನೂ ನಡುವಿನ ಕೇಸರವನ್ನೂ ಕಳೆದುಕೊಂಡು ನಿಂತಿದ್ದರೆ, ಮೊದಲು ಅನುಮಾನಿಸಬೇಕಾದುದು ಬೊಬ್ಬೆ ದುಂಬಿಯನ್ನು. ಗಣೇಶನ ಹಬ್ಬಕ್ಕೂ ನವರಾತ್ರಿಗೂ ಕೆಂಪು ದಾಸವಾಳ ಬೇಕಾಗುವ ದಿನಗಳಲ್ಲಿಯೇ ಇದರ ಹಾವಳಿ ಏರುವುದರಿಂದ, ಕೀಟ ಯಾವುದೆಂದು ತಿಳಿಯುವ ಮೊದಲೇ ಔಷಧ ಸಿಂಪಡಿಸುವ ಆತುರವೂ ಆಗಲೇ ಹೆಚ್ಚುತ್ತದೆ.

ಹೂವನ್ನು ಕೆಡಿಸಿದವರು ಯಾರೆಂಬುದನ್ನು ಗಾಯದ ಸ್ವರೂಪ ಮತ್ತು ಗಾಯವಾದ ಹೊತ್ತು ಎರಡೂ ಸೂಚಿಸುತ್ತವೆ. ಮಲ್ಲಿಗೆಯ ಮೊಗ್ಗಿನಲ್ಲಿ ದುಂಡನೆಯ ತೂತಿದ್ದು ಅದರ ಬಾಯಲ್ಲಿ ಹಿಕ್ಕೆಯ ಪುಡಿ ಕಂಡರೆ ಅದು ಪತಂಗವೊಂದರ ಮರಿಯಾದ ಮೊಗ್ಗುಕೊರಕದ ಕೆಲಸ. ದಾಸವಾಳದ ಮೊಗ್ಗು ಅರಳದೆ ಹಳದಿಯಾಗಿ ಉದುರಿದರೆ ಅದನ್ನು ಬಿಡಿಸಿ, ಒಳಗೆ ನೊಣದ ಜಾತಿಯ ಸಣ್ಣ ಹುಳುಗಳಿವೆಯೇ ಎಂದು ನೋಡಬೇಕು. ಮುಂಗಾರಿನ ಮೊದಲ ಮಳೆಗಳ ಬೆನ್ನಿಗೆ ಗುಲಾಬಿ ಎಲೆಗಳು ರಾತ್ರೋರಾತ್ರಿ ಜರಡಿಯಾದರೆ ಅನುಮಾನ ಕಂದು ಬಣ್ಣದ ಜೀರುಂಡೆಗಳ ಮೇಲೆ ಹೋಗುತ್ತದೆ. ಈ ಭಾಗದ ಕಬ್ಬಿನ ಬೇರು ತಿನ್ನುವ ಗೊಣ್ಣೆ ಹುಳು ಅದೇ ಗುಂಪಿನ ಜೀರುಂಡೆಯ ಮರಿ. ಎಸಳಿಗೆ ಏನೂ ಆಗದೆ ಹೂವಿನ ಬುಡದಲ್ಲಿ ಮಾತ್ರ ಸೀಳಿದ್ದರೆ ಅದು ಮಕರಂದಕ್ಕಾಗಿ ಬಂದ ಸೂರಕ್ಕಿಯ ಕೊಕ್ಕಿನ ಗುರುತು. ಅದಕ್ಕೆ ಚಿಕಿತ್ಸೆಯ ಅಗತ್ಯವಿಲ್ಲ. ಎಸಳಿನ ಅಂಚು ಒಡ್ಡೊಡ್ಡಾಗಿ ಹರಿದು, ಪರಾಗ ತುಂಬಿದ ಕೇಸರಗಳು ಮಾಯವಾಗಿ, ಇದೆಲ್ಲ ಹಗಲಿನಲ್ಲಿಯೇ ನಡೆದಿದ್ದರೆ ಮಾತ್ರ ಅದು ಬೊಬ್ಬೆ ದುಂಬಿಯ ಲಕ್ಷಣ.

ಈ ದುಂಬಿಯನ್ನು ಹುಡುಕಲು ರಾತ್ರಿ ಬ್ಯಾಟರಿ ಹಿಡಿದು ತಿರುಗಬೇಕಾಗಿಲ್ಲ, ಏಕೆಂದರೆ ಅದು ಬಿಸಿಲಿನಲ್ಲಿ, ಹೂವಿನ ಮೇಲೆಯೇ, ಯಾರ ಅಂಜಿಕೆಯೂ ಇಲ್ಲದೆ ಕುಳಿತಿರುತ್ತದೆ. ಸುಮಾರು ಎರಡು ಸೆಂಟಿಮೀಟರ್ ಉದ್ದದ ಕಪ್ಪು ಮೈ, ಮೃದುವಾದ ರೆಕ್ಕೆಕವಚದ ಮೇಲೆ ಕಿತ್ತಳೆ ಅಥವಾ ಕೆಂಪು ಬಣ್ಣದ ಅಡ್ಡಪಟ್ಟೆಗಳು, ಕೆಳಗೆ ಬಾಗಿದ ತಲೆ, ಸಣಕಲು ಕುತ್ತಿಗೆ, ನಿಧಾನವಾದ ಹಾರಾಟ ಇವು ಅದರ ಗುರುತುಗಳು. ಕೀಟಶಾಸ್ತ್ರದ ಗ್ರಂಥಗಳಲ್ಲಿ ಇದನ್ನು ಮೈಲಾಬ್ರಿಸ್ ಪಸ್ಟುಲೇಟಾ ಎಂದೂ, ಈಚಿನ ವರ್ಗೀಕರಣದಲ್ಲಿ ಹೈಕ್ಲಿಯಸ್ ಪಸ್ಟುಲೇಟಸ್ ಎಂದೂ ಕರೆಯಲಾಗಿದೆ. ದಾಸವಾಳದ ಕುಟುಂಬಕ್ಕೇ ಸೇರಿದ ಬೆಂಡೆ ಮತ್ತು ಹತ್ತಿಯ ಹೂಗಳೂ, ತೊಗರಿ, ಅಲಸಂದೆಗಳ ಹೂಗಳೂ ಇದರ ಆಹಾರವಾದುದರಿಂದ ಹೊಲದಂಚಿನ ಮನೆಗಳ ತೋಟಗಳಿಗೆ ಇದು ಅಲೆ ಅಲೆಯಾಗಿ ಬರುತ್ತಲೇ ಇರುತ್ತದೆ.

ಅದರ ನಿರ್ಭಯಕ್ಕೆ ಕಾರಣ ಅದರ ರಕ್ತದಲ್ಲಿರುವ ಕ್ಯಾಂಥರಿಡಿನ್ ಎಂಬ ವಿಷ. ಹಿಡಿದು ಅದುಮಿದಾಗ ದುಂಬಿ ತನ್ನ ಕಾಲಿನ ಕೀಲುಗಳಿಂದ ಹಳದಿ ದ್ರವವನ್ನು ಒಸರಿಸುತ್ತದೆ. ಆ ದ್ರವ ತಗಲಿದ ಕ್ಷಣದಲ್ಲಿ ಹೆಚ್ಚಿನ ಉರಿಯಾಗದಿದ್ದರೂ, ಚರ್ಮದ ಕೋಶಗಳನ್ನು ಒಂದಕ್ಕೊಂದು ಬಿಗಿದಿಡುವ ಬೆಸುಗೆಗಳು ಕಳಚುವುದರಿಂದ ಕೆಲವು ಗಂಟೆಗಳ ಬಳಿಕ ಅಲ್ಲಿ ನೀರು ತುಂಬಿದ ಬೊಬ್ಬೆ ಏಳುತ್ತದೆ. ಈ ವಸ್ತುವನ್ನು ಯುರೋಪಿನ ಇಂಥದೇ ದುಂಬಿಯಿಂದ 1810ರಲ್ಲಿ ಮೊದಲ ಬಾರಿಗೆ ಬೇರ್ಪಡಿಸಿದವನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಪಿಯೆರ್ ರೋಬಿಕೆ. ಅಳತೆಯರಿತು ಬಳಸಿದರೆ ಅದೇ ವಿಷ ಔಷಧವೂ ಆಗುತ್ತದೆ ಎಂಬುದಕ್ಕೆ, ಮಕ್ಕಳ ಮೈಮೇಲೆ ವೈರಸ್‌ನಿಂದ ಏಳುವ ಒಂದು ಬಗೆಯ ಗಂಟುಗಳಿಗೆ ವೈದ್ಯರು ಹಚ್ಚುವ ಕ್ಯಾಂಥರಿಡಿನ್ ದ್ರಾವಣಕ್ಕೆ 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿಗೆ ನೀಡಿರುವುದು ನಿದರ್ಶನ. ದುಂಬಿ ಸತ್ತು ಒಣಗಿದರೂ ವಿಷ ಅಳಿಯುವುದಿಲ್ಲ. ಅಮೆರಿಕದಲ್ಲಿ ಒಣ ಕುದುರೆಮೆಂತೆಯ ಮೇವಿನೊಳಗೆ ಸಿಕ್ಕಿಕೊಂಡ ಇದೇ ಕುಟುಂಬದ ದುಂಬಿಗಳನ್ನು ತಿಂದು ಕುದುರೆಗಳು ಸತ್ತ ಪ್ರಕರಣಗಳು ದಾಖಲಾಗಿವೆ. ಆದುದರಿಂದ ಆರಿಸಿ ಕೊಂದ ದುಂಬಿಗಳನ್ನು ದನದ ಗೋದಲಿಯ ಹತ್ತಿರ ಚೆಲ್ಲದೆ ಮಣ್ಣಿನಲ್ಲಿ ಹುಗಿಯುವುದು ಲೇಸು.

ಹೂವಿನ ಮೇಲೆ ಕಾಣುವುದು ಈ ಜೀವಿಯ ಬದುಕಿನ ಕೊನೆಯ ಭಾಗ ಮಾತ್ರ. ಅದಕ್ಕಿಂತ ವಿಸ್ಮಯಕರವಾದ ಮೊದಲ ಭಾಗ ನೆಲದೊಳಗೆ ಕಳೆಯುತ್ತದೆ. ಹೆಣ್ಣು ದುಂಬಿ ಮಣ್ಣಿನಲ್ಲಿ ಸಣ್ಣ ಕುಳಿ ತೋಡಿ, ತತ್ತಿಗಳನ್ನು ಗೊಂಚಲಾಗಿ ಇಟ್ಟು, ಕುಳಿಯನ್ನು ಮುಚ್ಚಿ ಹೋಗುತ್ತದೆ. ತತ್ತಿಯಿಂದ ಹೊರಬರುವ ಮರಿ ಉದ್ದ ಕಾಲುಗಳ, ಚುರುಕು ನಡಿಗೆಯ, ಕಣ್ಣಿಗೆ ಕಾಣುವಷ್ಟೇ ದೊಡ್ಡದಾದ ಹುಳು. ಅದಕ್ಕೆ ಹೂವೂ ಬೇಡ, ಎಲೆಯೂ ಬೇಡ. ಮಿಡತೆಗಳು ಹೊಟ್ಟೆಯ ತುದಿಯನ್ನು ಮಣ್ಣಿಗೆ ಊರಿ, ನೊರೆಯೊಂದಿಗೆ ತತ್ತಿಗಳನ್ನಿಟ್ಟಾಗ ಆ ನೊರೆ ಗಟ್ಟಿಯಾಗಿ ಆಗುವ ಚೀಲವನ್ನು ಅದು ಮಣ್ಣಿನ ಸಂದುಗಳಲ್ಲಿ ಹುಡುಕುತ್ತಾ ಹೋಗುತ್ತದೆ, ಸಿಗದಿದ್ದರೆ ಸಾಯುತ್ತದೆ. ಸಿಕ್ಕರೆ ಚೀಲದೊಳಗೆ ಸೇರಿ ತತ್ತಿಗಳನ್ನು ತಿನ್ನತೊಡಗಿ, ಪೊರೆ ಬಿಟ್ಟು, ಓಡಾಟದ ಅಗತ್ಯ ಮುಗಿದುದರಿಂದ ಗಿಡ್ಡ ಕಾಲಿನ ಮೆತ್ತನೆಯ ಹುಳುವಾಗಿ ಬದಲಾಗುತ್ತದೆ. ಆಮೇಲೆ ಅಲುಗದ, ಉಣ್ಣದ, ಗಟ್ಟಿ ಚರ್ಮದ ಇನ್ನೊಂದು ರೂಪ ತಾಳಿ, ಬೇಸಿಗೆಯ ಒಣ ನೆಲದಲ್ಲಿ ತಿಂಗಳುಗಟ್ಟಲೆ ಕಾದು, ಮಳೆ ಬಂದ ಮೇಲೆ ಕೋಶಾವಸ್ಥೆಗೆ ಹೋಗಿ ದುಂಬಿಯಾಗಿ ಮೇಲೆ ಬರುತ್ತದೆ. ಮರಿಯ ಹಂತದಲ್ಲಿಯೇ ಹೀಗೆ ಹಲವು ರೂಪಗಳನ್ನು ದಾಟುವ ಕ್ರಮಕ್ಕೆ ಅತಿರೂಪಾಂತರ ಎಂದು ಹೆಸರು. ಇದನ್ನು 1857ರಲ್ಲಿ ವಿವರಿಸಿದವನು ಫ್ರಾನ್ಸಿನ ಶಾಲಾಶಿಕ್ಷಕ, ಕೀಟವೀಕ್ಷಕ ಜೀನ್ ಆನ್ರಿ ಫಾಬ್ರ್.

ದಖ್ಖಣದ ಜೋಳದ ಸೀಮೆಯಲ್ಲಿ ದುಂಬಿಗೂ ಮಿಡತೆಗೂ ಇರುವ ಈ ಸಂಬಂಧಕ್ಕೆ ವಿಶೇಷ ತೂಕವಿದೆ. ಮೈಸೂರು ಸಂಸ್ಥಾನದ ಕೀಟತಜ್ಞ ಲೆಸ್ಲಿ ಕೋಲ್ಮನ್‌ನ ಹೆಸರನ್ನೇ ಹೊತ್ತ, ರೆಕ್ಕೆಯಿಲ್ಲದ ಕೋಲೆಮೇನಿಯಾ ಎಂಬ ಜೋಳದ ಮಿಡತೆಯ ಕುರಿತು ಕೋಲ್ಮನ್ ಮತ್ತು ಕುಂಞಿ ಕಣ್ಣನ್ 1911ರಷ್ಟು ಹಿಂದೆಯೇ ಬರೆದಿದ್ದಾರೆ. ಆ ಮಿಡತೆಯ ತತ್ತಿಗಳೂ ಮಳೆಗಾಲದ ಕೊನೆಯಿಂದ ಮುಂದಿನ ಮುಂಗಾರಿನವರೆಗೆ ಮಣ್ಣಿನಲ್ಲಿಯೇ ಇರುತ್ತವೆ. ಮಿಡತೆ ಹೆಚ್ಚಾದ ವರ್ಷದ ಮುಂದಿನ ವರ್ಷ ಬೊಬ್ಬೆ ದುಂಬಿಗಳೂ ಹೆಚ್ಚುವುದು ಹಲವು ದೇಶಗಳಲ್ಲಿ ಕಂಡುಬಂದ ಸಂಗತಿ. ಹೂವಿನ ಲೆಕ್ಕದಲ್ಲಿ ನಷ್ಟ ಮಾಡುವ ಜೀವಿಯೇ ಬೆಳೆಯ ಲೆಕ್ಕದಲ್ಲಿ ಮಿಡತೆಯ ಸಂತಾನವನ್ನು ತಗ್ಗಿಸಿರುತ್ತದೆಯಾದ್ದರಿಂದ, ಅದನ್ನು ಬರಿಯ ಶತ್ರು ಎಂದು ಬಗೆಯುವುದು ಅರ್ಧ ತಿಳಿವಳಿಕೆಯೇ ಸರಿ.

ಮನೆಯಂಗಳದ ಮಟ್ಟಿಗೆ ಕೀಟನಾಶಕದ ಪ್ರಯೋಜನ ತೀರ ಕಡಿಮೆ: ಇಂದು ಸತ್ತ ದುಂಬಿಯ ಜಾಗಕ್ಕೆ ನಾಳೆ ಪಕ್ಕದ ತೊಗರಿ ಹೊಲದಿಂದ ಮತ್ತೊಂದು ಬರುತ್ತದೆ, ಅರಳಿದ ಹೂವಿಗೆ ಬಿದ್ದ ಔಷಧ ಜೇನುನೊಣಗಳನ್ನು ಕೊಲ್ಲುತ್ತದೆ, ಅದೇ ಹೂವು ದೇವರ ಕೋಣೆಗೂ ಮಕ್ಕಳ ಕೈಗೂ ಹೋಗುತ್ತದೆ. ಮೈ ಇನ್ನೂ ಬಿಸಿಯೇರದ ಬೆಳಗಿನ ಹೊತ್ತಿನಲ್ಲಿ ದುಂಬಿಗಳು ಮಂದವಾಗಿರುವಾಗ, ಕೈಗವಸು ತೊಟ್ಟು ಅಥವಾ ಕಡ್ಡಿಯಿಂದ ತಟ್ಟಿ ಸಾಬೂನು ನೀರಿನ ಪಾತ್ರೆಗೆ ಬೀಳಿಸುವುದೇ ಸಾಕು. ದುಂಬಿಯನ್ನು ಮೈಮೇಲೆ ಅರೆಯಬಾರದು. ದ್ರವ ತಗಲಿದರೆ ಕಣ್ಣುಜ್ಜದೆ ಸಾಬೂನಿನಿಂದ ಕೂಡಲೇ ತೊಳೆಯಬೇಕು. ಹಬ್ಬಕ್ಕೆ ಅಖಂಡ ಹೂವೇ ಬೇಕೆನ್ನುವವರು ಹಿಂದಿನ ಸಂಜೆ ಮೊಗ್ಗಿಗೆ ತೆಳು ಅರಿವೆಯ ಚೀಲ ಕಟ್ಟಬಹುದು. ಬೆಂಡೆಯ ಹೂವು ತನ್ನದೇ ಪರಾಗದಿಂದ ಕಾಯಿ ಕಟ್ಟಬಲ್ಲದಾದ್ದರಿಂದ ಅದಕ್ಕೂ ಹೀಗೆ ಚೀಲ ಕಟ್ಟಿದರೆ ಫಸಲಿಗೆ ಕೊರತೆಯಾಗುವುದಿಲ್ಲ.