ಹತ್ತುಮೀನಿನ ಹಾದಿ

ಕಾರ್ತೆಲ್ ತಿಂಗಳ ಮಳೆ ಹಿಡಿದು ತೋಡುಗಳು ತುಂಬಿದವೆಂದರೆ, ಪುತ್ತೂರು ತಾಲೂಕಿನ ಈಶ್ವರಮಂಗಲದಂಥ ಗಡಿನಾಡಿನ ಊರುಗಳಲ್ಲಿ ಇರುಳು ಮೀನು ಹಿಡಿಯುವ ಹುರುಪು. ಟಾರ್ಚು, ಕತ್ತಿ, ಬಿದಿರಿನ ಕೂಳಿ ಹಿಡಿದು ಹೊರಡುವವರಿಗೆ ಇದು ಹೊಟ್ಟೆಪಾಡಲ್ಲ, ವರ್ಷಕ್ಕೊಮ್ಮೆಯ ಮೋಜು. ಹೊಳೆಯಿಂದ ನೀರಿನ ಹರಿವಿಗೆ ಎದುರಾಗಿ ಏರಿ ಬರುವ ಮೀನನ್ನು ಮಲೆನಾಡಿನಲ್ಲಿ ‘ಹತ್ತುಮೀನು’ ಎನ್ನುತ್ತಾರೆ. ಗಡಿಯಾಚೆಯ ಕೇರಳದಲ್ಲಿ ಅದು ‘ಊತ್ತ’.

ಮೀನು ಹತ್ತುವುದೇಕೆ? ಮೊಟ್ಟೆಯಿಡಲು. ಹೊಳೆಯ ಸೆಳೆತದಲ್ಲಿ ಮೊಟ್ಟೆ ಕೊಚ್ಚಿಹೋಗುತ್ತದೆ. ನೀರು ನಿಂತ ಗದ್ದೆಯಲ್ಲಿ ಮರಿಗಳಿಗೆ ಆಹಾರವೂ ಮರೆಯೂ ಸಿಗುತ್ತವೆ. ಮೊಣಕಾಲುದ್ದವೂ ಇಲ್ಲದ ನೀರಿನಲ್ಲಿ, ಹೊಟ್ಟೆ ತುಂಬ ಮೊಟ್ಟೆ ಹೊತ್ತ ಮುಗುಡು ಸುಲಭವಾಗಿ ಕೈಗೆ ಸಿಗುತ್ತದೆ. ಒಂದು ತಾಯಿಮೀನು ಹೋದರೆ ಸಾವಿರಾರು ಮರಿಗಳು ಹೋದಂತೆ.

ಮಂಗಳೂರಿನ ಕಡಲಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ರಜೆ. ಕೇರಳವು 2010ರ ಒಳನಾಡು ಮೀನುಗಾರಿಕೆ ಕಾಯ್ದೆಯಡಿ ಊತ್ತ ಹಿಡಿಯುವುದನ್ನೇ ನಿಷೇಧಿಸಿದೆ. ಗದ್ದೆಗಳು ಅಡಿಕೆ ತೋಟಗಳಾಗಿ ಮೀನಿನ ಹಾದಿ ಮೊದಲೇ ಕಿರಿದಾಗಿದೆ. ಉಳಿದ ಹಾದಿಯಲ್ಲಾದರೂ ಅದನ್ನು ಹತ್ತಗೊಟ್ಟರೆ, ಮುಂದಿನ ಮಳೆಗಾಲಕ್ಕೂ ತೋಡಿನಲ್ಲಿ ಮೀನು ಇದ್ದೀತು.