ಫ್ಯಾಕ್ಟರಿ ತೋಟಾ ಬಿಚ್ಚಿ ಗುಂಡು ಬದಲಿಸೋದು: ವಿಡಿಯೋದಲ್ಲಿ ಸುಲಭ, ಕೋವಿಯಲ್ಲಿ ಅಪಾಯ

ಅಮೆರಿಕದ ಬೇಟೆಗಾರರ ವಿಡಿಯೋಗಳು ಈಗ ಕೊಡಗಿನವರ ಮೊಬೈಲಿಗೂ ಬರ್ತಿವೆ. ಅದರಲ್ಲೊಂದು ಬಗೆ ಹೀಗಿದೆ: ಅಂಗಡಿಯಿಂದ ತಂದ ಹೊಸ ರೈಫಲ್ ತೋಟಾದ ಗುಂಡು ಎಳೆದು ತೆಗೀತಾರೆ, ಅದೇ ಜಾಗಕ್ಕೆ ಬೇರೆ ಗುಂಡು ಕೂರಿಸ್ತಾರೆ. ಮೊನ್ನೆ ಟೀ ಅಂಗಡಿಯಲ್ಲಿ ಒಬ್ಬರು ಕೇಳಿದ್ರು, "ನಮ್ಮ .315 ರೈಫಲ್ ತೋಟಾಗೂ ಇದು ಮಾಡಬಹುದಾ?" ಅಂತ.

ಮೊದಲು ಅವರು ಯಾಕೆ ಮಾಡ್ತಾರೆ ಅಂತ ನೋಡೋಣ. ಮಿಲಿಟರಿ ಗುಂಡಿನ ಸೀಸಕ್ಕೆ ಸುತ್ತ ಗಟ್ಟಿ ಲೋಹದ ಕವಚ ಇರುತ್ತೆ. ಪ್ರಾಣಿಗೆ ಬಿದ್ದರೆ ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆ ಹೋಗಿಬಿಡುತ್ತೆ, ಗಾಯಗೊಂಡ ಪ್ರಾಣಿ ಓಡಿಹೋಗಿ ಎಲ್ಲೋ ನರಳಿ ಸಾಯುತ್ತೆ. ಮೂತಿ ಮೆತ್ತಗಿರೋ ಗುಂಡಾದ್ರೆ ಒಳಗೆ ಅರಳುತ್ತೆ. (ಈ ಅರಳೋ ಗುಂಡಿಗೆ ಹೆಸರು ಬಂದಿದ್ದೇ ನಮ್ಮ ಕಲ್ಕತ್ತಾ ಹತ್ತಿರದ ದಮ್‌ದಮ್ ಶಸ್ತ್ರಾಗಾರದಿಂದ. ಯುದ್ಧದಲ್ಲಿ ಇದು ಬೇಡ ಅಂತ 1899ರ ಹೇಗ್ ಘೋಷಣೆ ಹೇಳಿತು.) ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ಮಿಲಿಟರಿ ತೋಟಾ ಅಗ್ಗಕ್ಕೆ ಸಿಕ್ತು. ಅದರ ಗುಂಡು ತೆಗೆದು, ಅಷ್ಟೇ ತೂಕದ ಬೇಟೆ ಗುಂಡು ಹಾಕ್ಕೊಂಡ್ರು. ದುಡ್ಡು ಉಳಿಸೋ ಉಪಾಯ, ಅಷ್ಟೇ.

ಈಗ ಅಪಾಯದ ವಿಷಯ. ತೋಟಾದಲ್ಲಿ ಇರೋದು ನಾಲ್ಕೇ ಭಾಗ: ಹಿತ್ತಾಳೆ ಕೇಸು, ಕೇಪು, ಮದ್ದು, ಗುಂಡು. ಫ್ಯಾಕ್ಟರಿಯವರು ಈ ನಾಲ್ಕನ್ನೂ ಒಂದಕ್ಕೊಂದು ಹೊಂದಿಸಿ, ಪರೀಕ್ಷೆ ಮಾಡಿ ಪ್ಯಾಕ್ ಮಾಡಿರ್ತಾರೆ. ಒಳಗಿನ ಮದ್ದು ಯಾವುದು ಅಂತ ಡಬ್ಬದ ಮೇಲೆ ಬರೆದಿರಲ್ಲ. ತೂಕ ಒಂದೇ ಇದ್ದರೂ ತಾಮ್ರದ ಗುಂಡು ಸೀಸದ ಗುಂಡಿಗಿಂತ ಉದ್ದ. ಕೇಸಿನೊಳಗೆ ಹೆಚ್ಚು ಇಳಿದರೆ ಮದ್ದಿಗೆ ಜಾಗ ಕಮ್ಮಿ, ಒತ್ತಡ ಜಾಸ್ತಿ. ಹೊರಗೆ ಹೆಚ್ಚು ಚಾಚಿದರೆ ನಳಿಗೆಯ ಗೀರುಗಳಿಗೆ ಮೊದಲೇ ಒತ್ತಿಕೊಳ್ಳುತ್ತೆ, ಆಗಲೂ ಒತ್ತಡ ಏರುತ್ತೆ. ಒತ್ತಡ ಅಂದ್ರೆ ಎಷ್ಟು? ಅಮೆರಿಕದ .30-06 ತೋಟಾಗೆ ಅಲ್ಲಿನ ಉದ್ಯಮದ ಮಿತಿ 60,000 ಪಿಎಸ್‌ಐ. ನಮ್ಮ ಕಾರಿನ ಟಯರಿಗೆ ಹಾಕಿಸೋದು 30-35. ಆ ಒತ್ತಡ ಹಿಂದಕ್ಕೆ ಬಂದರೆ ಅಲ್ಲಿರೋದು ಹೊಡೆಯೋರ ಮುಖ.

"ಅಜ್ಜಂದಿರು ಕೇಪಿನ ಕೋವಿಗೆ ಕೈಯಳತೆಯಲ್ಲೇ ಮದ್ದು ತುಂಬ್ತಿರಲಿಲ್ವಾ?" ಅಂತ ಕೇಳೋರು ಇದ್ದಾರೆ. ತುಂಬ್ತಿದ್ರು. ಅದು ಕರಿಮದ್ದು, ಅದರ ಒತ್ತಡ ಇದಕ್ಕಿಂತ ಎಷ್ಟೋ ಕಮ್ಮಿ. ಆ ಅಳತೆ, ಆ ಧೈರ್ಯ ರೈಫಲ್ ತೋಟಾಗೆ ನಡೆಯಲ್ಲ.

ಕಾನೂನೂ ಬೇರೆ. ಶಸ್ತ್ರಾಸ್ತ್ರ ಕಾಯ್ದೆ 1959ರಲ್ಲಿ ಕೋವಿ ಇಟ್ಟುಕೊಳ್ಳೋ ಲೈಸೆನ್ಸ್ 3ನೇ ಸೆಕ್ಷನ್ನಿನದು. ಮದ್ದುಗುಂಡು ತಯಾರಿಸೋಕೆ, ಬದಲಾಯಿಸೋಕೆ ಲೈಸೆನ್ಸ್ ಬೇಕು ಅನ್ನೋದು 5ನೇ ಸೆಕ್ಷನ್. ಅದಿಲ್ಲದೆ ಮಾಡಿದರೆ, 2019ರ ತಿದ್ದುಪಡಿ ನಂತರ, ಕನಿಷ್ಠ 7 ವರ್ಷದಿಂದ ಜೀವಾವಧಿವರೆಗೆ ಶಿಕ್ಷೆ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ 2029ರವರೆಗೆ ಇರೋ ವಿನಾಯಿತಿಯನ್ನ 2021ರಲ್ಲಿ ಹೈಕೋರ್ಟ್ ಎತ್ತಿಹಿಡಿದಿದೆ, ನಿಜ. ಆದರೆ ಆ ವಿನಾಯಿತಿ ಕೋವಿ ಹೊಂದೋದಕ್ಕೆ, ಮನೆಯಲ್ಲಿ ತೋಟಾ ತಯಾರಿಸೋದಕ್ಕಲ್ಲ. ಬೇಟೆಯಂತೂ 1972ರ ವನ್ಯಜೀವಿ ಕಾಯ್ದೆಯಡಿ ನಿಷಿದ್ಧ. ಹಂದಿ ಗದ್ದೆಗೆ ನುಗ್ಗಿದರೂ ಅಧಿಕಾರ ಇರೋ ಅಧಿಕಾರಿಯ ಲಿಖಿತ ಅನುಮತಿ ಬೇಕು.

ಮನೆಯ ಟ್ರಂಕಿನಲ್ಲಿ ಕಿಲುಬು ಹಿಡಿದ ಹಳೇ ತೋಟಾ ಇದ್ದರೆ ಬಿಚ್ಚಬೇಡಿ, ಒಲೆಗೆ, ಕಸಕ್ಕೆ ಹಾಕಬೇಡಿ. ಮಕ್ಕಳ ಕೈಗೆ ಸಿಗದ ಹಾಗೆ ಬೇರೆ ಇಟ್ಟು, ಲೈಸೆನ್ಸ್ ಇರೋ ಕೋವಿ ಅಂಗಡಿಯಲ್ಲೋ ಪೊಲೀಸ್ ಸ್ಟೇಷನ್ನಿನಲ್ಲೋ ಏನು ಮಾಡಬೇಕು ಅಂತ ಕೇಳಿ. ಹೋಗುವಾಗ ಲೈಸೆನ್ಸ್ ಪುಸ್ತಕ ಅಥವಾ ವಿನಾಯಿತಿ ಪತ್ರ ಜೊತೆಗಿರಲಿ.