ಸುಸ್ತು ಅಂತ ಬಾಟ್ಲಿ ಹಾಕಿಸ್ಕೊಳ್ಳೋ ಮೊದಲು ರಕ್ತ ತೋರಿಸಿ



ಕಳೆದ ವರ್ಷ ನಮ್ಮ ಕೆಲವು ಸಂಘಗಳ ಸಾಲದ ಪುಸ್ತಕಗಳನ್ನು ನೋಡುತ್ತಾ ಕೂತಿದ್ದೆವು. ಹಸು ಕೊಳ್ಳಲು, ಮಗಳ ಫೀಸಿಗೆ, ಮನೆ ಹೆಂಚು ಬದಲಿಸಲು ತೆಗೆದ ಸಾಲಗಳಿದ್ದವು. ಅದರ ನಡುವೆ "ಆಸ್ಪತ್ರೆ ಖರ್ಚು" ಅನ್ನೋದು ಪುಟಕ್ಕೆ ಎರಡು ಮೂರು ಸಲ. ಒಬ್ಬ ಸದಸ್ಯೆಯ ಹೆಸರಿನ ಮುಂದೆ ಒಂದೇ ವರ್ಷದಲ್ಲಿ ನಾಲ್ಕು ಸಲ. ಏನಾಗಿತ್ತಮ್ಮಾ ಎಂದು ಕೇಳಿದೆವು. "ಏನಿಲ್ಲ ಸಿಸ್ಟರ್, ಸುಸ್ತು. ಪೇಟೆಗೆ ಹೋಗಿ ಬಾಟ್ಲಿ ಹಾಕಿಸ್ಕೊಂಡು ಬರ್ತೀನಿ. ನಾಲ್ಕು ದಿನ ಚೆನ್ನಾಗಿರುತ್ತೆ, ಆಮೇಲೆ ಮತ್ತೆ ಅದೇ" ಅಂದರು.

ನಾಲ್ಕು ಸಲ ಬಾಟ್ಲಿ ಹಾಕಿದವರು ಒಮ್ಮೆಯೂ ಅವರ ರಕ್ತ ಪರೀಕ್ಷೆ ಮಾಡಿಸಿರಲಿಲ್ಲ. ಆ ಸಾಲಗಳನ್ನು ಮಂಜೂರು ಮಾಡಿದ ಸಭೆಗಳಲ್ಲಿ ನಾವೂ ಇದ್ದೆವು. ಯಾಕೆ ಪದೇ ಪದೇ ಸುಸ್ತು ಅಂತ ಕೇಳಬೇಕೆಂದು ನಮಗೂ ತೋಚಲಿಲ್ಲ. ಕೊನೆಗೆ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದಾಗ ಹಿಮೋಗ್ಲೋಬಿನ್ 7.4 ಬಂತು. ಪರೀಕ್ಷೆಗೆ ದುಡ್ಡು ಕೇಳಲಿಲ್ಲ.

ಈ ಸಂಖ್ಯೆಯ ಅರ್ಥ ಎಲ್ಲರಿಗೂ ಗೊತ್ತಿರಬೇಕು. ಹೆಂಗಸರಿಗೆ ಹಿಮೋಗ್ಲೋಬಿನ್ 12 ಆದರೂ ಇರಬೇಕು, ಗರ್ಭಿಣಿಗೆ 11. ಅದಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. 8ಕ್ಕಿಂತಲೂ ಕೆಳಗೆ ಹೋದರೆ ಗಂಭೀರ. ಗರ್ಭಿಣಿಯರಲ್ಲಿ 7ಕ್ಕಿಂತ ಕೆಳಗೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ನೂರು ಹೆಂಗಸರಲ್ಲಿ ಸುಮಾರು 48 ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಅಂದರೆ ಇಪ್ಪತ್ತು ಜನರ ಸಂಘದಲ್ಲಿ ಒಂಬತ್ತು ಹತ್ತು ಮಂದಿ. ಮೆಟ್ಟಿಲು ಹತ್ತಿದರೆ ಏದುಸಿರು, ಎದೆ ಡವಡವ, ತಲೆ ಸುತ್ತು, ಕಣ್ಣಿನ ಒಳರೆಪ್ಪೆ ಬಿಳಿಚಿರುವುದು, ಇವೆಲ್ಲ ಅದರ ಲಕ್ಷಣ. ನಾವು "ವಯಸ್ಸಾಯ್ತು, ಕೆಲಸ ಜಾಸ್ತಿ" ಅಂತ ತಳ್ಳಿಹಾಕ್ತೇವೆ.

ಹಾಗಾದರೆ ಬಾಟ್ಲಿಯಲ್ಲಿ ಏನಿರುತ್ತೆ? ಸಾಮಾನ್ಯವಾಗಿ ಹಾಕುವ 5 ಪರ್ಸೆಂಟಿನ ಅರ್ಧ ಲೀಟರ್ ಗ್ಲೂಕೋಸಿನಲ್ಲಿ ಇರೋದು 25 ಗ್ರಾಂ ಸಕ್ಕರೆ, ಉಳಿದದ್ದು ನೀರು. ಐದಾರು ಚಮಚ ಸಕ್ಕರೆಯ ಪಾನಕ ಅಂತಲೇ ತಿಳಿಯಿರಿ. ಅದರಿಂದ ರಕ್ತ ಹೆಚ್ಚೋದಿಲ್ಲ. ವಾಂತಿ ಭೇದಿಯಾಗಿ ಬಾಯಲ್ಲಿ ಏನೂ ನಿಲ್ಲದಿದ್ದಾಗ ಡ್ರಿಪ್ ಬೇಕಾಗುತ್ತೆ, ಅದು ಬೇರೆ ಮಾತು. ದಿನನಿತ್ಯದ ಸುಸ್ತಿಗೆ ಅದು ಮದ್ದಲ್ಲ. ರಕ್ತ ತೀರಾ ಕಡಿಮೆ ಇರುವವರಿಗೆ ಬೇಡದ ಬಾಟ್ಲಿ ಹಾಕಿದರೆ ಹೃದಯಕ್ಕೆ ಭಾರವೂ ಆಗಬಹುದು.

ರಕ್ತ ಕಡಿಮೆಯಾದರೆ ಆರೋಗ್ಯ ಕೇಂದ್ರದಲ್ಲಿ ಕಬ್ಬಿಣಾಂಶದ ಮಾತ್ರೆ ಉಚಿತವಾಗಿ ಕೊಡ್ತಾರೆ. ತಗೊಂಡು ಬಂದು ಗೂಡಿನಲ್ಲಿ ಇಡುವವರೇ ಹೆಚ್ಚು! "ವಾಂತಿ ಬಂದ ಹಾಗಾಗುತ್ತೆ, ಮಲ ಕಪ್ಪಗಾಯ್ತು" ಅಂತ ಬಿಟ್ಟುಬಿಡ್ತಾರೆ. ಮಲ ಕಪ್ಪಗಾಗುವುದು ಸಹಜ, ಹೆದರಬೇಡಿ. ಹೊಟ್ಟೆ ತೊಳಸಿದರೆ ಊಟದ ನಂತರ ಅಥವಾ ಮಲಗುವ ಮುಂಚೆ ನುಂಗಿ. ಕಾಫಿ, ಟೀ ಜೊತೆ ಮಾತ್ರ ಬೇಡ, ಕಬ್ಬಿಣ ಮೈಗೆ ಹತ್ತುವುದಿಲ್ಲ. ನಿಂಬೆಹಣ್ಣಿನ ನೀರಿನ ಜೊತೆ ತಗೊಂಡರೆ ಚೆನ್ನಾಗಿ ಹತ್ತುತ್ತೆ. ಗರ್ಭಿಣಿಯರು ಕ್ಯಾಲ್ಸಿಯಂ ಮಾತ್ರೆಯನ್ನು ಬೇರೆ ಹೊತ್ತಿಗೆ ತಗೋಬೇಕು. ಸುಸ್ತು ಹೋಯಿತೆಂದು ಹದಿನೈದು ದಿನಕ್ಕೆ ನಿಲ್ಲಿಸಬೇಡಿ. ರಕ್ತ ಸರಿಹೋದ ಮೇಲೂ ಎರಡು ಮೂರು ತಿಂಗಳು ಮುಂದುವರಿಸಬೇಕಾಗುತ್ತೆ. ಎಷ್ಟು ದಿನ ಅನ್ನೋದನ್ನು ಡಾಕ್ಟರೇ ಹೇಳಲಿ. ನುಗ್ಗೆಸೊಪ್ಪು, ರಾಗಿ, ಹುರುಳಿ, ಮೊಟ್ಟೆ, ಮೀನು ಮನೆಯವರೆಲ್ಲ ಉಂಡು ಉಳಿದರೆ ನಮಗೆ ಅನ್ನೋ ಅಭ್ಯಾಸವೂ ಬಿಡಬೇಕು.

ರಕ್ತ ಎಲ್ಲಿಗೆ ಹೋಗ್ತಿದೆ ಅಂತಲೂ ನೋಡಬೇಕಲ್ಲ. ಬರಿಗಾಲಲ್ಲಿ ತೋಟಕ್ಕೆ ಹೋಗುವವರಿಗೆ ಕೊಕ್ಕೆಹುಳ ಸೇರುತ್ತೆ. ನಮ್ಮ ಸದಸ್ಯೆಯದು ಬೇರೆ ಕಾರಣ. ಎರಡು ವರ್ಷದಿಂದ ಮುಟ್ಟು ಎಂಟು ಹತ್ತು ದಿನ ಹೋಗುತ್ತಿತ್ತು. ಗಂಡಸು ಡಾಕ್ಟರಿಗೆ ಹೇಗೆ ಹೇಳೋದು ಅಂತ ಬಾಯಿ ಬಿಟ್ಟಿರಲಿಲ್ಲ. ಕೇಂದ್ರದ ನರ್ಸಮ್ಮನ ಹತ್ತಿರ ಹೇಳಿದರು, ತಾಲ್ಲೂಕು ಆಸ್ಪತ್ರೆಯ ಹೆರಿಗೆ ಡಾಕ್ಟರಿಗೆ ಚೀಟಿ ಸಿಕ್ಕಿತು. ಹಾಗೆ ನಾಚಿಕೆಯಾದರೆ ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದುಕೊಂಡು ಹೋಗಿ.

ಹೋದ ದಿನವೇ ಬಿಪಿ, ಸಕ್ಕರೆ ಕೂಡ ನೋಡಿಸಿ. ಮೂವತ್ತು ದಾಟಿದ ಗಂಡಸರಿಗೂ ಹೆಂಗಸರಿಗೂ ಈ ತಪಾಸಣೆ ಉಚಿತ. ಮನೆಯಲ್ಲಿ ಯಾರಿಗಾದರೂ ಎರಡು ವಾರ ದಾಟಿದ ಕೆಮ್ಮಿದ್ದರೆ ಕಫ ಪರೀಕ್ಷೆಗೆ ಕರೆತನ್ನಿ. ಬಿಪಿ ಮಾತ್ರೆಯನ್ನು "ತಲೆನೋವೇ ಇಲ್ಲವಲ್ಲ" ಅಂತ ಅತ್ತೆಯವರು ನಿಲ್ಲಿಸಿದ್ದರೆ ಅವರನ್ನೂ ಕರೆದುಕೊಂಡು ಹೋಗಿ.

ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರ್ ಇರೋಲ್ಲ, ಔಷಧಿ ಮುಗಿದಿದೆ ಅಂತಾರೆ ಅನ್ನೋ ದೂರು ಸುಳ್ಳಲ್ಲ, ನಾವೂ ಅನುಭವಿಸಿದ್ದೇವೆ. ಬೆಳಿಗ್ಗೆ ಬೇಗ ಹೋಗಿ, ಇಬ್ಬರು ಮೂವರು ಒಟ್ಟಿಗೆ ಹೋಗಿ, ಹಳೆಯ ಚೀಟಿಗಳು, ರೇಷನ್ ಕಾರ್ಡ್, ಆಧಾರ್ ಕೈಯಲ್ಲಿರಲಿ. ಔಷಧಿ ಇಲ್ಲ ಅಂದರೆ ಯಾವಾಗ ಬರುತ್ತೆ ಎಂದು ಕೇಳಿಕೊಂಡೇ ಬನ್ನಿ. ದೊಡ್ಡ ಚಿಕಿತ್ಸೆ ಬೇಕಾದರೆ ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತೆ. ತುರ್ತು ಅಲ್ಲದಿದ್ದರೆ ಅದಕ್ಕೆ ಸರ್ಕಾರಿ ಆಸ್ಪತ್ರೆಯ ಚೀಟಿ ಬೇಕು. ನೇರ ಪೇಟೆಯ ಆಸ್ಪತ್ರೆಗೆ ಹೋಗಿ ಸಾಲ ಮಾಡಿಕೊಂಡವರು ನಮ್ಮಲ್ಲೇ ಇದ್ದಾರೆ.

ಆ ಸದಸ್ಯೆಗೆ ಐದು ತಿಂಗಳಾದ ಮೇಲೆ 10.8 ಬಂದಿದೆ. ಮಾತ್ರೆ ಇನ್ನೂ ನಡೆದಿದೆ. ಬಾಟ್ಲಿಗೆ ತೆಗೆದ ಸಾಲದಲ್ಲಿ ಎರಡು ಕಂತು ಬಾಕಿ ಇದೆ.